ಇಂಗಳದಾಳ್ ತಾಮ್ರ ಮತ್ತು ಕೊನೆಯ ಒಂದು ಪರ್ಸೆಂಟ್

ಈ ಸಂಚಿಕೆಯನ್ನು ಒಂದು ಪದದಿಂದ ಶುರು ಮಾಡ್ತೀನಿ: ಗಿಲೀಟು. ಚಿತ್ರದುರ್ಗದ ಯಾವ ಅಂಗಡಿ ಬೀದಿಯಲ್ಲಿ ಕೇಳಿದ್ರೂ ಇದರ ಅರ್ಥ ಹೇಳ್ತಾರೆ. ಒಳಗೆ ಹಿತ್ತಾಳೆನೋ ತಾಮ್ರಾನೋ ಇರುತ್ತೆ, ಮೇಲೆ ಮಾತ್ರ ತೆಳ್ಳನೆಯ ಚಿನ್ನದ ಲೇಪ. ಈಗ ಅದಕ್ಕೆ 'ಒಂದು ಗ್ರಾಂ ಗೋಲ್ಡ್' ಅಂತ ಹೊಸ ಹೆಸರು ಬಂದಿದೆ. ಆ ಲೇಪವನ್ನು ಕೂರಿಸೋ ಕೆಲಸ ಸಾಮಾನ್ಯವಾಗಿ ಒಂದು ತೊಟ್ಟಿ, ಒಂದು ದ್ರಾವಣ, ಎರಡು ತಂತಿ, ಸ್ವಲ್ಪ ಕರೆಂಟಿನಲ್ಲಿ ಆಗುತ್ತೆ. ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ಇದರ ಹಿಂದಿನ ತತ್ವಕ್ಕೆ ವಿದ್ಯುದ್ವಿಭಜನೆ ಅಂತ ಹೆಸರಿದೆ. ಎಲೆಕ್ಟ್ರಾಲಿಸಿಸ್.

ಪರೀಕ್ಷೆಯಲ್ಲಿ ನಾಲ್ಕು ಮಾರ್ಕ್ಸಿಗೆ ಚಿತ್ರ ಬರೆದು ಮುಗಿಸೋ ವಿಷಯ ಇದು. ನಾನು ಬಿ.ಕಾಂ ಓದಿದವನು, ನನಗೆ ಆ ಚಿತ್ರಕ್ಕಿಂತ ಅದರ ಹಿಂದಿನ ಲೆಕ್ಕದ ಮೇಲೆ ಕಣ್ಣು. ನಮ್ಮ ಜಿಲ್ಲೆಯಿಂದ ವರ್ಷಗಟ್ಟಲೆ ತಾಮ್ರದ ಅದಿರು ತೆಗೆದ್ರು. ಆದರೆ ಆ ಚಿತ್ರದಲ್ಲಿರೋ ತೊಟ್ಟಿ ಮಾತ್ರ ನಮ್ಮ ಜಿಲ್ಲೆಗೆ ಬರಲಿಲ್ಲ. ಯಾಕೆ ಬರಲಿಲ್ಲ, ಬಂದಿದ್ರೆ ಏನಾಗ್ತಿತ್ತು, ಇನ್ಮುಂದೆ ಅದೇ ಕಥೆ ಬೇರೆ ಹೆಸರಲ್ಲಿ ಮತ್ತೆ ನಡೆಯುತ್ತಾ? ಇವತ್ತಿನ ಮಾತು ಇದೇ.

ಮೊದಲು 1800ನೇ ಇಸವಿಗೆ ಹೋಗೋಣ. ಟಿಪ್ಪು ಸುಲ್ತಾನ್ ಸತ್ತು ಒಂದು ವರ್ಷ ಆಗಿದೆ. ದುರ್ಗದ ಪಾಳೆಯಗಾರರ ಆಳ್ವಿಕೆ 1779ರಲ್ಲೇ ಹೈದರಾಲಿಯ ಕೈಯಲ್ಲಿ ಮುಗಿದಿದೆ. ಈಗ ಈಸ್ಟ್ ಇಂಡಿಯಾ ಕಂಪನಿಗೆ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಅಂತ ಪಟ್ಟಿ ಬೇಕು. ನನ್ನ ಭಾಷೆಯಲ್ಲಿ ಹೇಳೋದಾದ್ರೆ ಸ್ಟಾಕ್ ಟೇಕಿಂಗ್. ಆ ಕೆಲಸಕ್ಕೆ ಬಂದವನು ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ. ಮದ್ರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿ, ಹಿರಿಯೂರು, ಚಿತ್ರದುರ್ಗದ ಕಡೆಯೂ ಬಂದ. ಬೆಳೆ, ಮಣ್ಣು, ದನ, ಮಗ್ಗ, ಕುಲುಮೆ, ಎಲ್ಲವನ್ನೂ ಬರೆದುಕೊಂಡ.

ಅವನು ಬರೆದುಕೊಂಡದ್ದರಲ್ಲಿ ಒಂದು, ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿರೋ ಮತ್ತೋಡಿನ ಬಳೆ. ಮತ್ತೋಡಿನಲ್ಲಿ ಗಾಜು ಮಾಡಿ ಬಳೆ ತಯಾರಿಸ್ತಿದ್ರು. ಗಾಜಿಗೆ ಬೇಕಾದ್ದು ಬೆಣಚುಕಲ್ಲಿನ ಪುಡಿ ಮತ್ತು ಸೋಡಾ. ಈ ಸೋಡಾ ಎಲ್ಲಿಂದ? ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಹೂತ ಹಾಗೆ ಕಾಣುತ್ತಲ್ಲ, ನಾವು ಸವಳು, ಚೌಳು ಅಂತೀವಲ್ಲ, ಆ ಮಣ್ಣಿನಿಂದ. ರೈತನಿಗೆ ಶಾಪ ಅನ್ನಿಸೋ ಮಣ್ಣು ಬಳೆಗಾರನಿಗೆ ಬಂಡವಾಳ ಆಗಿತ್ತು.

ಬುಕಾನನ್ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗಿದ್ದು 1807ರಲ್ಲಿ. ಅದೇ ವರ್ಷ, ಅದೇ ಊರಲ್ಲಿ, ಹಂಫ್ರಿ ಡೇವಿ ಅನ್ನೋ ರಸಾಯನಶಾಸ್ತ್ರಜ್ಞ ಸೋಡಾದ ಒಳಗೆ ಏನಿದೆ ಅಂತ ನೋಡೋಕೆ ಕೂತಿದ್ದ. ಅಲ್ಲಿಯವರೆಗೆ ಬೆಂಕಿಯಲ್ಲಿ ಎಷ್ಟು ಕಾಯಿಸಿದ್ರೂ ಸೋಡಾ ಅದಕ್ಕಿಂತ ಮುಂದೆ ಒಡೆದಿರಲಿಲ್ಲ. ಡೇವಿ ಬೆಂಕಿ ಬಿಟ್ಟು ಬ್ಯಾಟರಿ ಹಿಡಿದ. ಕರೆಂಟ್ ಹರಿಸಿದಾಗ ಬೆಳ್ಳಿ ಬಣ್ಣದ, ಚಾಕುವಿನಲ್ಲಿ ಕೊಯ್ಯಬಹುದಾದಷ್ಟು ಮೆತ್ತಗಿನ ಒಂದು ಲೋಹ ಹೊರಗೆ ಬಂತು. ಅದೇ ಸೋಡಿಯಂ. ಅದಕ್ಕೆ ಸ್ವಲ್ಪ ಮುಂಚೆ ಇದೇ ರೀತಿ ಪೊಟ್ಯಾಸಿಯಂ ತೆಗೆದಿದ್ದ. ಮತ್ತೋಡಿನ ಕುಲುಮೆಗೂ ಡೇವಿಯ ಮೇಜಿಗೂ ನೇರ ಸಂಬಂಧ ಇಲ್ಲ. ಆದರೆ ಇಬ್ಬರ ಕೈಯಲ್ಲಿದ್ದದ್ದು ಒಂದೇ ಜಾತಿಯ ಪದಾರ್ಥ. ಒಬ್ಬರ ಹತ್ತಿರ ಬೆಂಕಿ ಇತ್ತು, ಇನ್ನೊಬ್ಬನ ಹತ್ತಿರ ಕರೆಂಟ್ ಇತ್ತು.

ಆ ಕರೆಂಟ್ ಬಂದಿದ್ದೂ 1800ರಲ್ಲೇ. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಪೇರಿಸಿ, ಜೋಡಿಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯಂಥದ್ದನ್ನು ಇಟ್ಟು, ಮೊದಲ ಬ್ಯಾಟರಿ ಮಾಡಿದ್ದ. ಮಾರ್ಚಿನಲ್ಲಿ ಅದರ ಬಗ್ಗೆ ಲಂಡನ್ನಿಗೆ ಪತ್ರ ಬರೆದ. ಮೇ ತಿಂಗಳಲ್ಲಿ ವಿಲಿಯಂ ನಿಕೋಲ್ಸನ್ ಮತ್ತು ಆಂಥನಿ ಕಾರ್ಲೈಲ್ ಅಂಥದ್ದೇ ಒಂದು ಬ್ಯಾಟರಿ ಮಾಡಿ, ಅದರ ತಂತಿಗಳನ್ನು ನೀರಲ್ಲಿ ಅದ್ದಿ, ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದ್ರು. ಈ ನೀರಿನ ವಿಷಯ ಕೊನೆಯಲ್ಲಿ ಮತ್ತೆ ಬರುತ್ತೆ, ನೆನಪಿಟ್ಕೊಳ್ಳಿ.

ಇಷ್ಟಾದರೂ ಇದೊಂದು ಚಮತ್ಕಾರವಾಗೇ ಇತ್ತು. ಲೆಕ್ಕಕ್ಕೆ ತಂದವನು ಮೈಕೆಲ್ ಫ್ಯಾರಡೆ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಹಾಕೋ ಕೆಲಸ ಕಲಿತವನು. 1834ರ ಹೊತ್ತಿಗೆ ಅವನು ಎರಡು ನಿಯಮ ಕೊಟ್ಟ. ಒಂದು, ಎಷ್ಟು ವಿದ್ಯುತ್ ಹರಿಸ್ತೀರೋ ಅಷ್ಟಕ್ಕೆ ಸರಿಯಾಗಿ ಲೋಹ ಕೂರುತ್ತೆ, ಎರಡರಷ್ಟು ಹರಿಸಿದ್ರೆ ಎರಡರಷ್ಟು. ಎರಡು, ಅಷ್ಟೇ ವಿದ್ಯುತ್ತಿಗೆ ಯಾವ ಲೋಹ ಎಷ್ಟು ಕೂರುತ್ತೆ ಅನ್ನೋದು ಆ ಲೋಹದ ಪರಮಾಣು ತೂಕ ಮತ್ತು ಅದರ ವೇಲೆನ್ಸಿ ಮೇಲೆ ನಿಂತಿದೆ. ಆನೋಡ್, ಕ್ಯಾಥೋಡ್, ಅಯಾನು, ಈ ಪದಗಳೆಲ್ಲ ವಿಲಿಯಂ ಹ್ಯೂವೆಲ್ ಅನ್ನೋ ವಿದ್ವಾಂಸನ ಸಹಾಯದಿಂದ ಫ್ಯಾರಡೆ ಬಳಕೆಗೆ ತಂದದ್ದು.

ನನಗೆ ಈ ನಿಯಮ ಇಷ್ಟ, ಯಾಕಂದ್ರೆ ಇದು ಪಕ್ಕಾ ಜಮಾ-ಖರ್ಚು. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದ್ರೆ ಸುಮಾರು 1.2 ಗ್ರಾಂ ತಾಮ್ರ ಕೂರುತ್ತೆ. ನಿಮ್ಮ ಫೋನ್ ಚಾರ್ಜರ್ 2 ಆಂಪಿಯರಿನದ್ದಾದ್ರೆ, ಅಷ್ಟೇ ಕರೆಂಟಿನಲ್ಲಿ ಐದು ಗಂಟೆಗೆ ಹತ್ತಿರತ್ತಿರ 12 ಗ್ರಾಂ. ಕದಿಯೋಕೂ ಆಗಲ್ಲ, ಕಮಿಷನ್ ಹೊಡೆಯೋಕೂ ಆಗಲ್ಲ.

ಈಗ ಇಂಗಳದಾಳಿಗೆ ಬರೋಣ. ಚಿತ್ರದುರ್ಗ ಪಟ್ಟಣದಿಂದ ಹತ್ತು ಕಿಲೋಮೀಟರ್ ಒಳಗೇ ಇರೋ ಊರು. ಇಲ್ಲಿನ ಕಲ್ಲಿನ ವಯಸ್ಸು ಕೇಳಿದ್ರೆ ನಮ್ಮ ಕೋಟೆ ನಿನ್ನೆ ಮೊನ್ನೆಯದು ಅನ್ನಿಸುತ್ತೆ. ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣೋ ಲಾವಾ ಶಿಲೆ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾವಾ ಆ ಆಕಾರಕ್ಕೆ ಬರೋದು ನೀರಿನ ಅಡಿಯಲ್ಲಿ ಉಕ್ಕಿ ತಣ್ಣಗಾದಾಗ. ಅಂದ್ರೆ ಸುಮಾರು 250 ಕೋಟಿ ವರ್ಷದ ಹಿಂದೆ, ಈಗ ಟ್ಯಾಂಕರ್ ನೀರಿಗೆ ಕಾಯೋ ಈ ನೆಲ ಸಮುದ್ರದ ತಳ ಆಗಿತ್ತು. ಅಂಥ ಜ್ವಾಲಾಮುಖಿ ಶಿಲೆಗಳ ಪಟ್ಟಿಯಲ್ಲೇ ಇಂಗಳದಾಳಿನ ತಾಮ್ರ ಇರೋದು, ಗಂಧಕದ ಜೊತೆ ಸೇರಿಕೊಂಡು, ಸಲ್ಫೈಡ್ ರೂಪದಲ್ಲಿ.

ಹಳೆಯ ಕಾಲದವರೂ ಇಲ್ಲಿ ಅಗೆದಿದ್ದ ಗುರುತುಗಳಿದ್ದವು. ನಮ್ಮ ಕಾಲದಲ್ಲಿ ಚಿತ್ರದುರ್ಗ ಕಾಪರ್ ಕಂಪನಿ ಅಂತ ಒಂದು ಕಂಪನಿ ಇತ್ತು, ಆಮೇಲೆ ಅದು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಂಪನಿಯ ತೆಕ್ಕೆಗೆ ಬಂತು. ಇಂಗಳದಾಳ್ ಅದರ ತಾಮ್ರದ ಘಟಕ ಆಯ್ತು. ಈಗ ಆ ಗಣಿ ನಿಂತಿದೆ. ಊರಿನ ಹಿರಿಯರು ಇವತ್ತಿಗೂ ಆ ಜಾಗಕ್ಕೆ 'ಕಾಪರ್ ಮೈನ್ಸ್' ಅಂತಾನೇ ಅನ್ನೋದು.

ಗಣಿಯಲ್ಲಿ ಕೆಲಸ ಹೇಗೆ ನಡೀತಿತ್ತು? ಇಂಥ ಅದಿರಿನಲ್ಲಿ ನೂರು ಕೆಜಿ ಕಲ್ಲಿಗೆ ತಾಮ್ರ ಒಂದು ಕೆಜಿ ಆಸುಪಾಸು. ಕಲ್ಲನ್ನು ಒಡೆದು, ಹಿಟ್ಟಿನ ಹಾಗೆ ಬೀಸಿ, ನೀರು ಮತ್ತು ನೊರೆ ಬರಿಸೋ ಎಣ್ಣೆ ಸೇರಿಸಿ, ಕೆಳಗಿಂದ ಗಾಳಿ ಊದ್ತಾರೆ. ಸಲ್ಫೈಡಿನ ಕಣಗಳು ನೊರೆಗೆ ಅಂಟಿಕೊಂಡು ಮೇಲೆ ಬರುತ್ತವೆ, ಬರೀ ಕಲ್ಲಿನ ಪುಡಿ ತಳದಲ್ಲಿ ಉಳಿಯುತ್ತೆ. ಹಾಲಿನ ಕೆನೆ ತೆಗೆದ ಹಾಗೆ ಆ ನೊರೆ ತೆಗೆದು ಒಣಗಿಸಿದ್ರೆ ಬರೋದೇ ಕಾನ್ಸೆಂಟ್ರೇಟ್. ಅದರಲ್ಲಿ ತಾಮ್ರ ಸಾಮಾನ್ಯವಾಗಿ 20ರಿಂದ 25 ಪರ್ಸೆಂಟ್ ಇರುತ್ತೆ. ಇಂಗಳದಾಳಿನ ಕೆಲಸ ಇಲ್ಲಿಗೆ ಮುಗೀತಿತ್ತು. ಕೆನೆ ಲಾರಿ ಹತ್ತಿ ಹೊರಗೆ ಹೋಗ್ತಿತ್ತು.

ಹೊರಗೆ ಹೋದ ಮೇಲೆ ಎರಡು ಹಂತ. ಮೊದಲನೆಯದು ಕುಲುಮೆ, ಸ್ಮೆಲ್ಟರ್. ಗಂಧಕವನ್ನೂ ಕಬ್ಬಿಣವನ್ನೂ ಸುಟ್ಟು ಬೇರೆ ಮಾಡಿದ ಮೇಲೆ ಸಿಗೋ ತಾಮ್ರ ಸುಮಾರು 99 ಪರ್ಸೆಂಟ್ ಶುದ್ಧ. ಬಿಂದಿಗೆ ಮಾಡೋಕೆ ಇದು ಧಾರಾಳ ಸಾಕು. ತಂತಿಗೆ ಸಾಲದು. ಯಾಕಂದ್ರೆ ಆರ್ಸೆನಿಕ್, ಕಬ್ಬಿಣದಂಥ ಕಲಬೆರಕೆ ಚಿಟಿಕೆಯಷ್ಟಿದ್ರೂ ತಾಮ್ರದ ವಿದ್ಯುತ್ ಹರಿಸೋ ಶಕ್ತಿ ಬಹಳ ಬಿದ್ದುಹೋಗುತ್ತೆ. ಇದು ಜಗತ್ತಿಗೆ ಗೊತ್ತಾಗಿದ್ದು ಟೆಲಿಗ್ರಾಫ್ ಕಾಲದಲ್ಲಿ, ಸಮುದ್ರದ ಅಡಿಯಲ್ಲಿ ಸಾವಿರಾರು ಮೈಲಿ ತಂತಿ ಎಳೆಯೋಕೆ ಹೊರಟಾಗ. ನೋಡೋಕೆ ಒಂದೇ ಥರ ಇದ್ದ ತಂತಿಗಳಲ್ಲಿ ಒಂದು ಚೆನ್ನಾಗಿ ಕರೆಂಟ್ ಹರಿಸ್ತಿತ್ತು, ಇನ್ನೊಂದು ಹರಿಸ್ತಿರಲಿಲ್ಲ.

ಇದಕ್ಕೆ ಉಪಾಯ ಕೊಟ್ಟವನು ಇಂಗ್ಲೆಂಡಿನ ಜೇಮ್ಸ್ ಎಲ್ಕಿಂಗ್ಟನ್. 1865ರಲ್ಲಿ ಪೇಟೆಂಟ್ ತಗೊಂಡ. ಅವನ ಕುಟುಂಬದ ಕಸುಬು ಏನು ಗೊತ್ತಾ? ಗಿಲೀಟು! ಪಾತ್ರೆ, ಚಮಚಗಳಿಗೆ ಬೆಳ್ಳಿ ಚಿನ್ನದ ಲೇಪ ಹಾಕೋದು. ಅದೇ ತೊಟ್ಟಿಯನ್ನು ದೊಡ್ಡದು ಮಾಡಿ ತಾಮ್ರ ಶುದ್ಧ ಮಾಡೋಕೆ ಹಚ್ಚಿದ.

ತೊಟ್ಟಿಯಲ್ಲಿರೋ ನೀಲಿ ದ್ರಾವಣ ನಮಗೆ ಹೊಸದಲ್ಲ. ಹೊಳಲ್ಕೆರೆಯ ಅಡಿಕೆ ತೋಟದವರಿಗೆ, ಹೊಸದುರ್ಗ, ಹಿರಿಯೂರಿನ ದಾಳಿಂಬೆ ಬೆಳೆಗಾರರಿಗೆ ಅದು ಚೆನ್ನಾಗಿ ಗೊತ್ತು: ಮೈಲುತುತ್ತು. ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿ ಹೊಡೀತಾರಲ್ಲ, ಅದೇ. ಕಾಪರ್ ಸಲ್ಫೇಟ್. ಇದಕ್ಕೆ ಗಂಧಕಾಮ್ಲ ಸೇರಿಸಿದ್ರೆ ರಿಫೈನರಿಯ ದ್ರಾವಣ ಸಿದ್ಧ. 99 ಪರ್ಸೆಂಟ್ ತಾಮ್ರದ ದಪ್ಪ ಹಲಗೆಯನ್ನು ಬ್ಯಾಟರಿಯ ಪ್ಲಸ್ ಕಡೆಗೆ ಕಟ್ತಾರೆ, ಅದು ಆನೋಡ್. ತೆಳ್ಳನೆಯ ಶುದ್ಧ ತಗಡನ್ನು ಮೈನಸ್ ಕಡೆಗೆ, ಅದು ಕ್ಯಾಥೋಡ್. ಕರೆಂಟ್ ಹರಿದಾಗ ದಪ್ಪ ಹಲಗೆ ಕರಗ್ತಾ ಹೋಗುತ್ತೆ, ತಾಮ್ರ ಅಯಾನು ಆಗಿ ದ್ರಾವಣಕ್ಕೆ ಇಳಿಯುತ್ತೆ, ಆಚೆ ಕಡೆ ತಗಡಿನ ಮೇಲೆ ಹೋಗಿ ಮತ್ತೆ ಲೋಹವಾಗಿ ಕೂರುತ್ತೆ. ಕಬ್ಬಿಣ, ನಿಕಲ್ ಥರದ ಲೋಹಗಳೂ ಕರಗುತ್ತವೆ, ಆದರೆ ಅಷ್ಟು ಕಡಿಮೆ ವೋಲ್ಟೇಜಿಗೆ ಅವು ಮತ್ತೆ ಕೂರಲ್ಲ, ದ್ರಾವಣದಲ್ಲೇ ಉಳಿದುಬಿಡುತ್ತವೆ. ಚಿನ್ನ, ಬೆಳ್ಳಿ ಕರಗೋದೇ ಇಲ್ಲ, ಹಲಗೆ ಸವೆದ ಹಾಗೆ ಕಳಚಿ ತಳಕ್ಕೆ ಬೀಳುತ್ತವೆ. ಆ ಕೆಸರಿಗೆ ಆನೋಡ್ ಮಡ್ ಅಂತಾರೆ. ತಗಡಿನ ಮೇಲೆ ಉಳಿದದ್ದು 99.99 ಪರ್ಸೆಂಟ್ ತಾಮ್ರ. ಫೋನು, ಮೋಟಾರು, ಮನೆ ವೈರಿಂಗು, ಎಲ್ಲದಕ್ಕೂ ಹೋಗೋದು ಇದೇ.

ಈಗ ನನ್ನ ಲೆಕ್ಕದ ಪುಸ್ತಕ ತೆಗೀತೀನಿ. ಜಗತ್ತಿನ ಮಾರುಕಟ್ಟೆಯಲ್ಲಿ ಕಾನ್ಸೆಂಟ್ರೇಟ್ ಮಾರೋ ಪದ್ಧತಿ ಹೀಗಿದೆ. ಲಂಡನ್ ಮೆಟಲ್ ಎಕ್ಸ್‌ಚೇಂಜಿನ ಬೆಲೆ ಇರೋದು ಶುದ್ಧ ಕ್ಯಾಥೋಡ್ ತಾಮ್ರಕ್ಕೆ. ಗಣಿಯವನಿಗೆ ಆ ಬೆಲೆಯಲ್ಲಿ ಸುಡೋ ಖರ್ಚು ಮತ್ತು ಶುದ್ಧ ಮಾಡೋ ಖರ್ಚು ಕಳೆದು ಉಳಿದದ್ದು ಸಿಗುತ್ತೆ. ಪುಡಿಯೊಳಗೆ ಚಿನ್ನ ಇದ್ರೆ ಅದಕ್ಕೂ ದುಡ್ಡು ಕೊಡ್ತಾರೆ, ಆದರೆ ಒಂದು ಮಿತಿಗಿಂತ ಕಡಿಮೆ ಇದ್ರೆ ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯಲ್ಲ. ಹಾಗೆ ಲೆಕ್ಕಕ್ಕೆ ಬಾರದ ಚಿನ್ನ ಎಲ್ಲಿ ಬೀಳುತ್ತೆ? ತೊಟ್ಟಿ ಇರೋನ ಕೆಸರಿನಲ್ಲಿ.

ಊರಿನ ಲೆಕ್ಕ ಬೇರೆ. ನೂರು ಕೆಜಿ ಕಲ್ಲು ಬೀಸಿದ್ರೆ ಹೊರಗೆ ಹೋಗೋದು ನಾಲ್ಕೈದು ಕೆಜಿ. ಉಳಿದ 95 ಕೆಜಿ ಹಿಟ್ಟು ಊರಲ್ಲೇ ಗುಡ್ಡೆ. ಸಲ್ಫೈಡ್ ಉಳಿದಿರೋ ಇಂಥ ಪುಡಿಗೆ ಮಳೆ, ಗಾಳಿ ತಾಗಿದ್ರೆ ನಿಧಾನವಾಗಿ ಆಮ್ಲ ಹುಟ್ಟುತ್ತೆ, ಆ ಆಮ್ಲ ಲೋಹಗಳನ್ನು ಕರಗಿಸಿ ಹಳ್ಳಕ್ಕೆ ಒಯ್ಯುತ್ತೆ. ಗಣಿ ನಿಂತ ದಿನ ಕೂಲಿ ನಿಲ್ಲುತ್ತೆ, ಈ ರಾಸಾಯನಿಕ ಕ್ರಿಯೆ ನಿಲ್ಲಲ್ಲ. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಆ ಗುಡ್ಡೆಗೆ ಹಾಕೋ ಬೆಲೆಗೂ, ಅದರ ಪಕ್ಕದಲ್ಲಿ ಬೋರ್‌ವೆಲ್ ಇರೋನು ಹಾಕೋ ಬೆಲೆಗೂ ತಾಳೆ ಆಗಲ್ಲ.

ಹಾಗಾದ್ರೆ ತೊಟ್ಟಿ ಇಲ್ಲೇ ಇಡಬಹುದಿತ್ತಲ್ಲ? ಕರೆಂಟ್ ಕೊರತೆ ಅಂತ ಹೇಳೋಕಾಗಲ್ಲ. ಮೈಸೂರು ಸಂಸ್ಥಾನ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿತ್ತು. ಅದೂ ಅಲ್ಲದೆ ತಾಮ್ರ ಶುದ್ಧ ಮಾಡೋಕೆ ಕರೆಂಟ್ ಕಡಿಮೆ ಸಾಕು. ಒಂದು ಟನ್ನಿಗೆ 300 ಯೂನಿಟ್ ಸುತ್ತಮುತ್ತ. ಅಲ್ಯೂಮಿನಿಯಂಗಾದ್ರೆ ಟನ್ನಿಗೆ 14,000 ಯೂನಿಟ್ ಹತ್ತಿರ ಬೇಕು. ಬೆಳಗಾವಿಯಲ್ಲಿ ಅಂಥ ಅಲ್ಯೂಮಿನಿಯಂ ಸ್ಮೆಲ್ಟರ್ ಇತ್ತು, ವಿದ್ಯುತ್ತಿನ ಸಮಸ್ಯೆಯಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಅಲ್ಯೂಮಿನಾ ಪುಡಿ ಮಾತ್ರ ಮಾಡ್ತಾರೆ.

ತಾಮ್ರದ ತೊಂದರೆ ಗಾತ್ರದ್ದು. ತೊಟ್ಟಿಗಿಂತ ಮುಂಚೆ ಕುಲುಮೆ ಬೇಕು, ಕುಲುಮೆ ಲಾಭಕ್ಕೆ ಬರಬೇಕಾದ್ರೆ ವರ್ಷಕ್ಕೆ ಲಕ್ಷಗಟ್ಟಲೆ ಟನ್ ಕೆಲಸ ಬೇಕು. ತೂತ್ತುಕುಡಿಯ ಸ್ಮೆಲ್ಟರಿನ ಸಾಮರ್ಥ್ಯ ವರ್ಷಕ್ಕೆ 4 ಲಕ್ಷ ಟನ್. ಗುಜರಾತಿನ ದಹೇಜ್, ಹೊಸದಾಗಿ ಶುರುವಾದ ಮುಂದ್ರಾ, ತೂತ್ತುಕುಡಿ, ಮೂರೂ ಸಮುದ್ರದ ದಡದಲ್ಲಿವೆ. ಯಾಕಂದ್ರೆ ಕಾನ್ಸೆಂಟ್ರೇಟ್ ಬಹುಪಾಲು ಹಡಗಿನಲ್ಲಿ ವಿದೇಶದಿಂದ ಬರುತ್ತೆ. ಇಂಗಳದಾಳಿನಂಥ ಚಿಕ್ಕ ಗಣಿ ಒಂದೇ ತನ್ನ ಅದಿರಿನಿಂದ ಅಂಥ ಕುಲುಮೆ ಸಾಕೋಕಾಗಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಇನ್ನೊಂದು ಮಾತೂ ಹೇಳಬೇಕು. ತೊಟ್ಟಿ ಇದ್ದ ಊರೆಲ್ಲ ಸುಖವಾಗಿಲ್ಲ. 2018ರ ಮೇ ತಿಂಗಳಲ್ಲಿ ತೂತ್ತುಕುಡಿಯಲ್ಲಿ ಮಾಲಿನ್ಯದ ವಿರುದ್ಧ ಹೋರಾಡ್ತಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು, 13 ಜನ ಸತ್ತರು, ಸ್ಮೆಲ್ಟರ್ ಮುಚ್ಚಿತು. ಅದಾದ ಮೇಲೆ, ಶುದ್ಧ ತಾಮ್ರ ರಫ್ತು ಮಾಡ್ತಿದ್ದ ಭಾರತ ಆಮದು ಮಾಡಿಕೊಳ್ಳೋ ದೇಶ ಆಯ್ತು. ಮೌಲ್ಯ ಸೇರೋ ಜಾಗದಲ್ಲೇ ಹೊಗೆಯೂ ಸೇರುತ್ತೆ. ಹಾಗಾಗಿ 'ನಮಗೆ ಫ್ಯಾಕ್ಟರಿ ಬರಲಿಲ್ಲ' ಅಂತ ಅಳೋದಷ್ಟೇ ನನ್ನ ವಾದ ಅಲ್ಲ. ನನ್ನ ವಾದ ಇಷ್ಟು: ಹೊರಗೆ ಹೋದ ಮೌಲ್ಯಕ್ಕೂ ಒಳಗೆ ಉಳಿದ ಹೊರೆಗೂ ಒಂದೇ ಪುಸ್ತಕದಲ್ಲಿ ಲೆಕ್ಕ ಬರೀಬೇಕು.

ಹಾಗೆ ಬರೆಯೋ ಕೆಲಸ ತಡವಾಗಿಯಾದ್ರೂ ಶುರುವಾಗಿದೆ. ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಕಥೆ ನಿಮಗೆ ಗೊತ್ತು. ಭೀಮಸಮುದ್ರದ ಕಡೆ ಅಡಿಕೆ ಗರಿ ಕೆಂಪಾಗಿದ್ದನ್ನು ನೋಡಿದವರು ಈಗಲೂ ಹೇಳ್ತಾರೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು, ಬಳ್ಳಾರಿಯದ್ದು ಅದಕ್ಕೆ ಒಂದು ತಿಂಗಳ ಮುಂಚೆಯೇ ನಿಂತಿತ್ತು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಜಿಲ್ಲಾ ಖನಿಜ ಪ್ರತಿಷ್ಠಾನ ಅನ್ನೋದು ಹುಟ್ಟಿತು. ಗಣಿಯವರು ರಾಜಧನದ ಜೊತೆಗೆ ಈ ನಿಧಿಗೂ ದುಡ್ಡು ಕಟ್ಟಬೇಕು, ಅದು ಗಣಿಯಿಂದ ಬಾಧಿತರಾದ ಜನರಿಗೆ, ಜಾಗಗಳಿಗೆ ಖರ್ಚಾಗಬೇಕು. ಆದರೆ ಇಂಗಳದಾಳಿನ ಹಾಗೆ 2015ಕ್ಕೆ ಮುಂಚೆಯೇ ನಿಂತ ಗಣಿ ಈ ನಿಧಿಗೆ ಒಂದು ರೂಪಾಯಿಯನ್ನೂ ಕಟ್ಟಿರಲ್ಲ. ಅದರ ಗುಡ್ಡೆ ಮಾತ್ರ ಇದೆ.

ಕೊನೆಗೆ, ನೀರಿನ ಮಾತು. ನಿಕೋಲ್ಸನ್, ಕಾರ್ಲೈಲ್ 1800ರಲ್ಲಿ ಮಾಡಿದ ಅದೇ ಪ್ರಯೋಗಕ್ಕೆ ಈಗ ಗ್ರೀನ್ ಹೈಡ್ರೋಜನ್ ಅಂತ ಹೆಸರು. ಗಾಳಿ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡೋದು. ಒಂದು ಕೆಜಿ ಹೈಡ್ರೋಜನ್ನಿಗೆ ಕಡಿಮೆ ಅಂದ್ರೂ 9 ಲೀಟರ್ ಶುದ್ಧ ನೀರು ಮತ್ತು ಹೆಚ್ಚುಕಡಿಮೆ 50 ಯೂನಿಟ್ ಕರೆಂಟ್ ಬೇಕು. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರ ತಿರುಗ್ತಿವೆ, ಬಿಸಿಲಿಗಂತೂ ಬರ ಇಲ್ಲ. ನಾಳೆ ಯಾರಾದ್ರೂ ಇಲ್ಲಿಗೆ ಎಲೆಕ್ಟ್ರೋಲೈಸರ್ ತರ್ತೀವಿ ಅಂದ್ರೆ ಆಶ್ಚರ್ಯ ಪಡಬೇಡಿ.

ಈ ಸಲ ತೊಟ್ಟಿ ನಮ್ಮಲ್ಲಿಗೇ ಬರಬಹುದು. ಆದರೆ ಅದರೊಳಗೆ ಹಾಕೋ ಕಚ್ಚಾ ಮಾಲು ನೀರು. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದ ಡ್ಯಾಮು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ. ಭದ್ರಾ ಮೇಲ್ದಂಡೆ ನೀರಿಗೆ ಜಿಲ್ಲೆ ಇನ್ನೂ ದಾರಿ ಕಾಯ್ತಿದೆ. ಕುಡಿಯೋ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಊರೂರಲ್ಲಿ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು ಕಾಯ್ತೀವಿ. ಇಂಥ ಜಾಗದಲ್ಲಿ ಒಂದು ಲೀಟರಿಗೆ ಯಾರು ಬೆಲೆ ಕಟ್ತಾರೆ, ಯಾರಿಗೆ ಕಟ್ತಾರೆ ಅನ್ನೋದು ಯೋಜನೆಯ ಮೊದಲ ಪುಟದಲ್ಲೇ ಇರಬೇಕು.

ನಿಮಗೆ ಒಂದು ಕೆಲಸ ಹೇಳ್ತೀನಿ. ನಿಮ್ಮ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಹಳೆಯದೋ ಹೊಸದೋ ಗಣಿ ಇದ್ರೆ, ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ನಿಮ್ಮೂರಿಗೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯ್ತು ಅಂತ ಕೇಳಿ. ಗ್ರಾಮಸಭೆಯಲ್ಲಿ ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿ ಹಾಕಿಯೂ ಕೇಳಬಹುದು. ಉತ್ತರ ಬಂದ್ರೆ ನನಗೂ ಕಳಿಸಿ, ಇನ್ನೊಂದು ಸಂಚಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಕೂಡಿ ನೋಡೋಣ. ಮತ್ತೋಡಿನ ಬಳೆಗಾರರ ಬಗ್ಗೆ ಮನೆಯಲ್ಲಿ ಅಜ್ಜಿ ತಾತಂದಿರು ಏನಾದ್ರೂ ಹೇಳಿದ್ದಿದ್ರೆ ಅದನ್ನೂ ರೆಕಾರ್ಡ್ ಮಾಡಿ ಕಳಿಸಿ. ಸಿಗೋಣ.